48 ಫ್ರೇಮ್: ಕಣ್ಣಿಗೆ ಬೀಳದೆ ಹೋದ ಒಂದು ನಟನೆಯ ಪ್ರಕರಣ ಅಧ್ಯಯನ

ಸಣ್ಣ ಬಜೆಟ್ಟಿನ ಒಂದು ಸ್ವತಂತ್ರ ಚಿತ್ರ. ಅದರ ಮುಖ್ಯ ಪಾತ್ರದಲ್ಲಿ ಒಬ್ಬ ಹಿರಿಯ ನಟಿ. ನಾನು ತೆರೆಯ ಮೇಲೆ ನೋಡಿದ ಅತ್ಯುತ್ತಮ ನಟನೆಗಳಲ್ಲಿ ಅದೂ ಒಂದು. ಆದರೆ ಚಿತ್ರ ಬಂದಿದ್ದೇ ಹೆಚ್ಚಿನವರಿಗೆ ಗೊತ್ತಾಗಲಿಲ್ಲ. ನೋಡಿದ ಕೆಲವರಿಗೂ ಆ ನಟನೆ ಕಾಣಿಸಲಿಲ್ಲ. ಜನ ಬರಲಿಲ್ಲ ಅನ್ನೋದಕ್ಕೆ ಕಾರಣ ಹುಡುಕುವುದು ಸುಲಭ. ದುಡ್ಡಿಲ್ಲ, ಪ್ರಚಾರ ಇಲ್ಲ, ದೊಡ್ಡ ಹೆಸರಿಲ್ಲ. ಬಂದು ಕೂತು ನೋಡಿದವರಿಗೂ ಯಾಕೆ ಕಾಣಿಸಲಿಲ್ಲ ಅನ್ನೋದು ಬೇರೆಯೇ ಪ್ರಶ್ನೆ. ಈ ಬರಹ ಅದರ ಬಗ್ಗೆ.

ನಿರ್ದೇಶಕಿ, ಸಂಕಲನಕಾರ, ಶಬ್ದ ವಿನ್ಯಾಸಕಿ, ನಿರ್ಮಾಪಕರು, ನಟಿ, ಇವರೆಲ್ಲರ ಜೊತೆ ಬೇರೆ ಬೇರೆಯಾಗಿ ಕೂತು ಮಾತಾಡಿದ್ದೇನೆ. ಚಿತ್ರ ಬಿಡುಗಡೆಯಾದ ಆವೃತ್ತಿ, ಆಮೇಲೆ ಮರಳಿ ಕಟ್ಟಿದ ಆವೃತ್ತಿ, ಎರಡನ್ನೂ ನೋಡಿದ್ದೇನೆ. ಯಾರ ಗುರುತೂ ಸಿಗಬಾರದು ಎಂದು ಕಥೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಊರು, ಹೆಸರು, ವರ್ಷ ಬಿಟ್ಟಿದ್ದೇನೆ. ಯಾವ ಹಂತದಲ್ಲಿ ಯಾರು ಏನು ನಿರ್ಧಾರ ಮಾಡಿದರು ಅನ್ನೋದನ್ನು ಮಾತ್ರ ಇದ್ದ ಹಾಗೆ ಇಟ್ಟಿದ್ದೇನೆ.

ಹಿನ್ನೆಲೆ

ಕಥೆ ಒಬ್ಬ ಸ್ಟೆನೋಳದ್ದು. ಐವತ್ತು ದಾಟಿದ ಹೆಂಗಸು. ಕೋರ್ಟಿನಲ್ಲಿ ಸಾಕ್ಷಿಗಳು ಹೇಳಿದ್ದನ್ನು ಟೈಪ್ ಮಾಡುವುದು ಅವಳ ಕೆಲಸ. ಒಂದು ಕಾರ್ಖಾನೆಗೆ ಬೆಂಕಿ ಬಿದ್ದು ಕೆಲಸಗಾರರು ಸತ್ತಿದ್ದಾರೆ. ಹೊರಗಿನ ಬಾಗಿಲಿಗೆ ಬೀಗ ಹಾಕಿದ್ದು ಯಾರು ಅನ್ನೋದೇ ಕೇಸು. ಅವಳ ತಮ್ಮ ಹಿಂದೆ ಅಲ್ಲಿ ಕೆಲಸಕ್ಕಿದ್ದ. ಬೆಂಕಿಗೆ ಮುಂಚೆಯೇ ಬಿಟ್ಟಿದ್ದೆ ಎಂದು ಮನೆಯಲ್ಲಿ ಹೇಳಿದ್ದಾನೆ. ಅವಳಿಗೆ ಪೂರ್ತಿ ನಂಬಿಕೆ ಇಲ್ಲ. ಒಂದು ದಿನ ಸಾಕ್ಷಿಯೊಬ್ಬ ಕಟಕಟೆಯಲ್ಲಿ ನಿಂತು ಬೀಗ ಹಾಕಿದವನ ಹೆಸರು ಹೇಳುತ್ತಾನೆ. ಅದು ತಮ್ಮನ ಹೆಸರು. ಅವಳು ಅದನ್ನು ಟೈಪ್ ಮಾಡಬೇಕು. ಆಮೇಲೆ ನ್ಯಾಯಾಧೀಶರಿಗೆ ‘ಇವನು ನನ್ನ ತಮ್ಮ’ ಎಂದು ಹೇಳಬೇಕೋ ಬೇಡವೋ ಅನ್ನೋದೇ ಚಿತ್ರದ ಉಳಿದರ್ಧ.

ನಟಿ ಜೀವನಪೂರ್ತಿ ರಂಗಭೂಮಿಯಲ್ಲಿ ಇದ್ದವರು. ಸಿನಿಮಾದಲ್ಲಿ ಅವರಿಗೆ ಸಿಗುತ್ತಿದ್ದದ್ದು ತಾಯಿ, ಪಕ್ಕದ ಮನೆಯಾಕೆ, ಒಂದೇ ಸೀನಿನ ಡಾಕ್ಟರು. ಇದು ಅವರ ಮೊದಲ ಮುಖ್ಯ ಪಾತ್ರ. ನಿರ್ದೇಶಕಿಗೂ ಇದು ಮೊದಲ ಚಿತ್ರ.

ಶೂಟಿಂಗಿಗೆ ಮೊದಲೇ ನಟಿ ತಾವಾಗಿ ಒಂದು ಕೆಲಸ ಮಾಡಿದರು. ತಿಂಗಳುಗಟ್ಟಲೆ ಕೂತು ಟೈಪಿಂಗ್ ಕಲಿತರು. ಕೀಬೋರ್ಡ್ ನೋಡದೆ, ಕೇಳಿದ್ದನ್ನು ಕೇಳಿದ ವೇಗದಲ್ಲಿ ಹೊಡೆಯುವಷ್ಟು. ಕ್ಯಾಮೆರಾ ಹೇಗೂ ಬೆರಳನ್ನು ತೋರಿಸಲ್ಲ, ಸುಮ್ನೆ ಹೊಡೆದ ಹಾಗೆ ಮಾಡಿದರೆ ಸಾಕು ಎಂದು ಯಾರೋ ಹೇಳಿದರಂತೆ. ಅವರು ಒಪ್ಪಲಿಲ್ಲ. ಅವರ ಲೆಕ್ಕ ಸರಳ. ಕೈ ತಾನಾಗಿ ಓಡುತ್ತಿದ್ದರೆ ಮಾತ್ರ ಅದು ನಿಂತಾಗ ನಿಂತಿತು ಅಂತ ಗೊತ್ತಾಗುತ್ತೆ. ರಷ್ಯಾದ ರಂಗ ನಿರ್ದೇಶಕ ಸ್ತಾನಿಸ್ಲಾವ್ಸ್ಕಿ ತಮ್ಮ ಕೊನೆಯ ವರ್ಷಗಳಲ್ಲಿ, 1930ರ ದಶಕದಲ್ಲಿ, ಭಾವನೆಯನ್ನು ನೇರವಾಗಿ ಹಿಡಿಯಲು ಹೋಗದೆ ಮೈ ಮಾಡುವ ಕೆಲಸದಿಂದ ಶುರು ಮಾಡಿ ಎಂದು ನಟರಿಗೆ ಹೇಳುತ್ತಿದ್ದರು. ಈ ನಟಿ ಮಾಡಿದ್ದು ಅದನ್ನೇ. ಪಾತ್ರದ ದುಃಖ ಏನು ಎಂದು ಯೋಚಿಸುವ ಮೊದಲು ಪಾತ್ರದ ಕೆಲಸ ಕಲಿತರು.

ಎರಡನೇ ನಿರ್ಧಾರ ಸೆಟ್ಟಿನಲ್ಲಿ ಆಯಿತು. ಅದು ಚಿತ್ರದ ಹಣೆಬರಹವನ್ನೇ ಬರೆಯಿತು ಅಂತ ನನಗನ್ನಿಸುತ್ತದೆ. ಸಾಕ್ಷಿಯ ಸೀನು. ನಿರ್ದೇಶಕಿಗೆ ಒಂದು ಉಪಾಯ ಹೊಳೆದಿತ್ತು.

“ಹೆಸರು ಯಾವಾಗ ಬರುತ್ತೆ ಅಂತ ನಿಮಗೆ ಹೇಳಲ್ಲ ಮೇಡಂ. ಸಾಕ್ಷಿ ಪಾತ್ರದವರಿಗೆ ಮಾತ್ರ ಹೇಳಿರ್ತೀನಿ. ಆಗ ನಿಮ್ಮ ರಿಯಾಕ್ಷನ್ ನಿಜವಾಗಿರುತ್ತೆ.”

“ಬೇಡಮ್ಮ,” ಅಂದರು ನಟಿ. “ಅವಳಿಗೆ ಇದು ಹೊಸ ಸುದ್ದಿ ಅಲ್ಲ. ಎಷ್ಟೋ ದಿನದಿಂದ ಅನುಮಾನ ಇದೆ. ಬೆಚ್ಚಿಬೀಳೋದು ಯಾರಿಗಾದ್ರೂ ಬರುತ್ತೆ. ಗೊತ್ತಿರೋದನ್ನ ಗೊತ್ತಿಲ್ಲದ ಹಾಗೆ ಕೂತು ಟೈಪ್ ಮಾಡಬೇಕಲ್ಲ, ಅದನ್ನ ಮಾಡೋಕೆ ಬಿಡು ನನ್ನ.”

ನಿರ್ದೇಶಕಿ ಬಿಟ್ಟರು. ಹೊಸ ನಿರ್ದೇಶಕರಿಗೆ ಇದು ಸಣ್ಣ ವಿಷಯ ಅಲ್ಲ. ತಮಗೆ ತುಂಬಾ ಇಷ್ಟವಾದ ಉಪಾಯವನ್ನು ಇಡೀ ತಂಡದ ಎದುರು ಕೈಬಿಟ್ಟರು. ಸೀನನ್ನು ಒಂದೇ ಶಾಟ್‌ನಲ್ಲಿ ತೆಗೆಯೋಣ ಎಂದೂ ಅಲ್ಲೇ ತೀರ್ಮಾನವಾಯಿತು. ಕ್ಯಾಮೆರಾ ಅಲುಗಾಡುವುದಿಲ್ಲ. ಫ್ರೇಮಿನಲ್ಲಿ ನಟಿಯ ಮುಖ, ಹೆಗಲು, ಕೀಬೋರ್ಡಿನ ಮೇಲಿನ ಕೈ. ಸಾಕ್ಷಿಯ ದನಿ ಮಾತ್ರ ಹೊರಗಿನಿಂದ ಬರುತ್ತದೆ. ಐದು ಟೇಕ್ ಆದವು, ಅಂದ್ರೆ ಅದೇ ಶಾಟನ್ನು ಐದು ಸಲ ತೆಗೆದರು. ಎರಡನೆಯದು ಓಕೆ.

ಆ ಟೇಕ್‌ನಲ್ಲಿ ಇರುವುದು

ಸುಮಾರು ಆರು ನಿಮಿಷ. ಸಾಕ್ಷಿ ಬೆಂಕಿಯ ದಿನದ ಬಗ್ಗೆ ಹೇಳುತ್ತಾ ಹೋಗುತ್ತಾನೆ. ಅವಳು ಟೈಪ್ ಮಾಡುತ್ತಾ ಹೋಗುತ್ತಾಳೆ. ಮುಖದಲ್ಲಿ ಏನೂ ಇಲ್ಲ. ವರ್ಷಗಟ್ಟಲೆ ಬೇರೆಯವರ ಕಷ್ಟ ಟೈಪ್ ಮಾಡಿ ಮಾಡಿ ಬಂದ ಮುಖ ಅದು. ಬೀಗದ ಕೈ ಅವನ ಹತ್ತಿರವೇ ಇತ್ತು ಎಂದು ಸಾಕ್ಷಿ ಹೆಸರು ಹೇಳುತ್ತಾನೆ. ಕೀಬೋರ್ಡಿನ ಸದ್ದು ನಿಲ್ಲುತ್ತದೆ. ಎರಡು ಸೆಕೆಂಡು. ಅವಳು ತಲೆ ಎತ್ತುವುದಿಲ್ಲ. ಕಣ್ಣು ಪರದೆಯ ಮೇಲೇ ಇದೆ.

ಆಮೇಲೆ ಅದೇ ಕಚೇರಿ ದನಿಯಲ್ಲಿ ಕೇಳುತ್ತಾಳೆ: “ಪೂರ್ತಿ ಹೆಸರು ಇನ್ನೊಮ್ಮೆ ಹೇಳಿ.”

ಸ್ಟೆನೋಗಳು ಹಾಗೆ ಕೇಳುವುದು ಮಾಮೂಲಿ. ದಾಖಲೆಯಲ್ಲಿ ಹೆಸರು ತಪ್ಪಾಗಬಾರದಲ್ವಾ? ಸಾಕ್ಷಿ ಈ ಸಲ ತಂದೆಯ ಹೆಸರನ್ನೂ ಸೇರಿಸಿ ಹೇಳುತ್ತಾನೆ. ಅಂದ್ರೆ ಅವಳು ಈಗ ತನ್ನ ಅಪ್ಪನ ಹೆಸರನ್ನೂ ಟೈಪ್ ಮಾಡಬೇಕು. ಮಾಡುತ್ತಾಳೆ. ಕೈ ಮತ್ತೆ ಓಡುತ್ತದೆ, ಮೊದಲಿಗಿಂತ ಸ್ವಲ್ಪ ಜೋರಾಗಿ, ಹಿಂದೆ ಬಿದ್ದಿದ್ದನ್ನು ಹಿಡಿಯುವ ಹಾಗೆ. ನಡುವೆ ಒಮ್ಮೆ ಮಾತ್ರ ಬ್ಯಾಕ್‌ಸ್ಪೇಸ್ ಒತ್ತುತ್ತಾಳೆ. ತಮ್ಮನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ತಿದ್ದುತ್ತಾಳೆ.

ಅಷ್ಟೇ. ಕಣ್ಣೀರಿಲ್ಲ, ನಡುಕ ಇಲ್ಲ. ಆದರೂ ತಮ್ಮನ ಮೇಲಿನ ಪ್ರೀತಿ, ತನ್ನ ಕೆಲಸದ ಮೇಲಿನ ಗೌರವ, ಎರಡೂ ಆ ಒಂದು ಕೀಲಿಯಲ್ಲಿ ಎದುರುಬದುರು ನಿಂತಿವೆ. ಅವನ ಹೆಸರನ್ನು ತಪ್ಪಾಗಿಯೇ ಬಿಟ್ಟಿದ್ದರೆ ಅವನಿಗೆ ಸ್ವಲ್ಪ ಸಹಾಯ ಆಗುತ್ತಿತ್ತೇನೋ ಅಂತ ನೋಡುವವರಿಗೆ ಹೊಳೆಯುವಷ್ಟರಲ್ಲಿ ಅವಳು ಮುಂದಿನ ಸಾಲಿನಲ್ಲಿದ್ದಾಳೆ. ಈ ಬ್ಯಾಕ್‌ಸ್ಪೇಸ್ ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಆ ಟೇಕ್‌ನಲ್ಲಿ ನಿಜವಾಗಿಯೂ ಅಕ್ಷರ ತಪ್ಪಿತ್ತಂತೆ. ಟೈಪಿಂಗ್ ಕಲಿತಿದ್ದ ಕೈ ತಾನಾಗಿ ಹೋಗಿ ತಿದ್ದಿತು. ಟೈಪ್ ಹೊಡೆದ ಹಾಗೆ ನಟಿಸಿದ್ದರೆ ತಪ್ಪೂ ಆಗುತ್ತಿರಲಿಲ್ಲ, ತಿದ್ದುವುದೂ ಇರುತ್ತಿರಲಿಲ್ಲ.

ಸಮಸ್ಯೆ

ಸಂಕಲನ ಮಾಡಿದ ಮೊದಲ ಆವೃತ್ತಿ, ಅಂದ್ರೆ ಮೊದಲ ಕಟ್, 112 ನಿಮಿಷ ಇತ್ತು. ಆಹ್ವಾನಿತರಿಗೆ ಒಂದು ಪರೀಕ್ಷಾ ಪ್ರದರ್ಶನ ಇಟ್ಟರು. ನೋಡಿದವರು ಚೀಟಿಯಲ್ಲಿ ಬರೆದುಕೊಟ್ಟ ಮಾತುಗಳಲ್ಲಿ ಎರಡು ಮತ್ತೆ ಮತ್ತೆ ಬಂದವು. ಒಂದು, ಚಿತ್ರ ನಿಧಾನ. ಎರಡು, ಕೋರ್ಟ್ ಸೀನಿನಲ್ಲಿ ಅವಳಿಗೆ ಏನನ್ನಿಸುತ್ತಿದೆ ಅಂತ ಗೊತ್ತಾಗಲ್ಲ. ಚಿತ್ರವನ್ನು ಮಾರುವ ಜವಾಬ್ದಾರಿ ಹೊತ್ತಿದ್ದ ಏಜೆಂಟರು ಇನ್ನೊಂದು ಮಾತು ಸೇರಿಸಿದರು. ದೊಡ್ಡ ಹೆಸರಿಲ್ಲದ ಚಿತ್ರ 95 ನಿಮಿಷ ದಾಟಬಾರದು.

ತಂಡ ಕತ್ತರಿ ಹಿಡಿಯಿತು. ಎಲ್ಲರ ಕೈ ಮೊದಲು ಹೋಗಿದ್ದು ಆ ಆರು ನಿಮಿಷದ ಶಾಟ್‌ಗೆ. ಅಷ್ಟು ಉದ್ದದ ಒಂದೇ ಶಾಟ್ ಅಂದ್ರೆ ಅಲ್ಲೇ ನಿಧಾನ ಇರಬೇಕು ಎಂದು ಎಲ್ಲರೂ ಅಂದುಕೊಂಡರು. ಅದನ್ನು ಒಡೆದು ಎರಡೂವರೆ ನಿಮಿಷಕ್ಕೆ ಇಳಿಸಿದರು. ನಡುವೆ ಸಾಕ್ಷಿಯ ಮುಖ, ನ್ಯಾಯಾಧೀಶರ ಮುಖ, ಗೋಡೆ ಗಡಿಯಾರ ಬಂದವು. ಕೈ ನಿಂತ ಎರಡು ಸೆಕೆಂಡು ಹೋಯಿತು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದ್ರೆ 24 ಬಿಡಿ ಚಿತ್ರ, ಎರಡು ಸೆಕೆಂಡಿಗೆ 48. ಆ ಜಾಗಕ್ಕೆ ನಾಲ್ಕನೇ ಟೇಕ್‌ನ ಒಂದು ತುಣುಕು ಬಂತು. ಅದರಲ್ಲಿ ನಟಿಯ ಕಣ್ಣಲ್ಲಿ ನೀರಿತ್ತು. ‘ಪೂರ್ತಿ ಹೆಸರು ಇನ್ನೊಮ್ಮೆ ಹೇಳಿ’ ಅನ್ನುವ ಮಾತೂ ಹೋಯಿತು. ಅವಳಿಗೆ ಕೇಳಿಸಿದೆಯಲ್ಲ, ಮತ್ತೆ ಯಾಕೆ ಕೇಳಬೇಕು ಅನ್ನೋದು ವಾದ. ಅದು ಹೋದ ಮೇಲೆ ಅಪ್ಪನ ಹೆಸರು ಹೋಯಿತು. ಬ್ಯಾಕ್‌ಸ್ಪೇಸ್ ಹೋಯಿತು. ಖಾಲಿ ಅನ್ನಿಸಿದ ಕಡೆ ಸಂಗೀತ ತುಂಬಿದರು. ಸಂಗೀತದಡಿ ಕೀಬೋರ್ಡಿನ ಸದ್ದು ಮುಳುಗಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕಂದ್ರೆ ಈ ತಪ್ಪನ್ನು ಒಳ್ಳೆಯ ಸಂಕಲನಕಾರರೇ ಮಾಡುತ್ತಾರೆ.

ರಷ್ಯಾದ ಚಿತ್ರ ನಿರ್ದೇಶಕ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೆ ಮಾಡಿದ ಪ್ರಯೋಗ ಸಿನಿಮಾ ಕಲಿಯುವವರಿಗೆಲ್ಲ ಗೊತ್ತು. ಭಾವನೆಯೇ ಇಲ್ಲದ ಒಂದೇ ಮುಖದ ಪಕ್ಕ ಸೂಪಿನ ಬಟ್ಟಲು ಇಟ್ಟರೆ ಜನರಿಗೆ ಹಸಿವು ಕಾಣಿಸುತ್ತೆ, ಶವಪೆಟ್ಟಿಗೆ ಇಟ್ಟರೆ ದುಃಖ ಕಾಣಿಸುತ್ತೆ. ಜೋಡಣೆಯಿಂದಲೇ ಅರ್ಥ ಹುಟ್ಟುತ್ತೆ ಅನ್ನೋದು ಅದರ ಪಾಠ. ನಿಜವೇ. ಆದರೆ ಆ ಪ್ರಯೋಗದಲ್ಲಿ ಮುಖ ಏನೂ ಮಾಡಬೇಕಾಗಿಲ್ಲ. ಈ ಚಿತ್ರದಲ್ಲಿ ಮುಖ ಏನೋ ಮಾಡುತ್ತಿತ್ತು. ಅದನ್ನು ಮಾಡುತ್ತಿದ್ದದ್ದು ಕಾಲದ ಮೂಲಕ. ಎರಡು ಸೆಕೆಂಡು ಕೈ ನಿಂತಿತು ಅನ್ನೋದು ಗೊತ್ತಾಗಬೇಕಾದರೆ ಮುಂಚೆ ನಾಲ್ಕು ನಿಮಿಷ ನಿಲ್ಲದೆ ಓಡಿದ್ದನ್ನು ನೋಡಿರಬೇಕು. ನಡುವೆ ಒಂದು ಗಡಿಯಾರ ತೋರಿಸಿದರೂ ಸಾಕು, ನೋಡುವವರಿಗೆ ಕಾಲದ ಲೆಕ್ಕ ತಪ್ಪುತ್ತೆ. ಆ ಮೇಲೆ ಕೈ ನಿಂತಿದ್ದು ನಟಿಯ ಕೆಲಸವೋ ಕತ್ತರಿಯ ಕೆಲಸವೋ ಯಾರಿಗೂ ಹೇಳಲು ಆಗಲ್ಲ.

ಎರಡು ಟೇಕ್ ಬೆರೆಸಿದ್ದು ಇನ್ನೂ ದೊಡ್ಡ ಪೆಟ್ಟು. ಎರಡನೇ ಟೇಕ್‌ನ ಹೆಂಗಸು ಬಚ್ಚಿಡುತ್ತಿದ್ದಾಳೆ. ನಾಲ್ಕನೆಯದರ ಹೆಂಗಸು ಸೋಲುತ್ತಿದ್ದಾಳೆ. ಒಂದೊಂದೂ ತನ್ನಷ್ಟಕ್ಕೆ ಸರಿ. ಸೇರಿಸಿದರೆ ಅವಳು ಅತ್ತು, ತಕ್ಷಣ ಏನೂ ಆಗದ ಹಾಗೆ ಟೈಪ್ ಮಾಡುತ್ತಾಳೆ. ನೋಡುವವರಿಗೆ ಇದು ಸುಳ್ಳು ಅನ್ನಿಸುತ್ತೆ. ಯಾಕೆ ಅಂತ ಹೇಳಲು ಬರಲ್ಲ, ನಟನೆ ಅಷ್ಟಕ್ಕಷ್ಟೇ ಅಂದುಬಿಡುತ್ತಾರೆ. ಕತ್ತರಿ ಮಾಡಿದ್ದಕ್ಕೆ ಬೈಗುಳ ನಟಿಗೆ.

ಏನೇನು ಪ್ರಯತ್ನ ಮಾಡಿದರು

94 ನಿಮಿಷದ ಆವೃತ್ತಿಯನ್ನು ಚಿತ್ರೋತ್ಸವಗಳಿಗೆ ಕಳಿಸಿದರು. ದೊಡ್ಡವು ಬೇಡ ಅಂದವು. ಕೊನೆಗೆ ಒಂದು ಸಣ್ಣ ಉತ್ಸವ ತೆಗೆದುಕೊಂಡಿತು. ಕಾನ್, ವೆನಿಸ್, ಬರ್ಲಿನ್ ಥರದ ದೊಡ್ಡ ಸ್ಪರ್ಧೆಗಳು ಬೇರೆ ಉತ್ಸವಗಳಲ್ಲಿ ತೋರಿಸಿದ ಚಿತ್ರವನ್ನು ಸಾಮಾನ್ಯವಾಗಿ ಸ್ಪರ್ಧೆಗೆ ತೆಗೆದುಕೊಳ್ಳುವುದಿಲ್ಲ. ಮೊದಲ ಪ್ರದರ್ಶನ ಅನ್ನೋದು ಒಂದೇ ಸಲ ಖರ್ಚು ಮಾಡಬಹುದಾದ ದುಡ್ಡು. ಈ ತಂಡ ಅದನ್ನು ತಪ್ಪು ಆವೃತ್ತಿಯ ಮೇಲೆ ಖರ್ಚು ಮಾಡಿತು. ಬಂದ ಒಂದೆರಡು ವಿಮರ್ಶೆಗಳು ಕಾರ್ಖಾನೆ, ಬೆಂಕಿ, ಕಾನೂನು ಇವುಗಳ ಬಗ್ಗೆ ಬರೆದವು. ನಟಿಗೆ ಸಿಕ್ಕಿದ್ದು ‘ಹಿತಮಿತ ಅಭಿನಯ’ ಎಂಬ ಅರ್ಧ ಸಾಲು.

ಬಿಡುಗಡೆಯ ಪೋಸ್ಟರಿನಲ್ಲಿ ಉರಿಯುವ ಕಟ್ಟಡ. ಅದರ ಮುಂದೆ ನ್ಯಾಯದೇವತೆಯ ತಕ್ಕಡಿ. ಟ್ರೇಲರಿನಲ್ಲಿ ವಕೀಲರ ಕೂಗಾಟ ಮತ್ತು ಇಡೀ ಚಿತ್ರದಲ್ಲಿ ನಟಿ ದನಿ ಎತ್ತುವ ಒಂದೇ ಒಂದು ಸೀನು. ಅಂದ್ರೆ ಅವರು ಮಾರಿದ್ದು ಒಂದು ಕೋರ್ಟ್ ಥ್ರಿಲ್ಲರ್. ಅದನ್ನು ನಂಬಿ ಬಂದವರಿಗೆ ಬೇಸರವಾಯಿತು. ಇಂಥ ಚಿತ್ರ ಇಷ್ಟಪಡುವವರು ಪೋಸ್ಟರ್ ನೋಡಿ ಒಳಗೇ ಬರಲಿಲ್ಲ. ಎರಡು ದೊಡ್ಡ ಚಿತ್ರಗಳು ಅದೇ ಶುಕ್ರವಾರ ಬಂದಿದ್ದವು, ಸಿಕ್ಕಿದ್ದು ಮಧ್ಯಾಹ್ನದ ಆಟ, ವಾರಕ್ಕೇ ಮುಗಿಯಿತು. ಆಮೇಲೆ ಒಂದು ಸ್ಟ್ರೀಮಿಂಗ್ ವೇದಿಕೆಗೆ ಹೋಗಿ ಸಾವಿರ ಚಿತ್ರಗಳ ನಡುವೆ ಕೂತಿತು, ಅದೇ ಉರಿಯುವ ಕಟ್ಟಡದ ಪುಟ್ಟ ಚಿತ್ರದೊಂದಿಗೆ.

ಒಬ್ಬ ನಟಿಯ ಕೆಲಸದ ಮೇಲೆ ನಿಂತ ಚಿತ್ರವನ್ನು ವಿಷಯದ ಹೆಸರಿನಲ್ಲಿ ಮಾರಿದರೆ ಏನಾಗುತ್ತೆ ಅನ್ನೋದಕ್ಕೆ ಇದು ಸ್ಪಷ್ಟ ಉದಾಹರಣೆ. ಕಾರ್ಖಾನೆ ಬೆಂಕಿಯ ಬಗ್ಗೆ ತಿಳಿಯಬೇಕಾದವರು ವರದಿ ಓದುತ್ತಾರೆ, ಡಾಕ್ಯುಮೆಂಟರಿ ನೋಡುತ್ತಾರೆ. ಈ ಚಿತ್ರದ ಹತ್ತಿರ ಇದ್ದು ಬೇರೆಲ್ಲೂ ಇಲ್ಲದ್ದು ಒಂದೇ, ಆ ಹೆಂಗಸು. ಪೋಸ್ಟರಿನಲ್ಲಿ ಅವಳೇ ಇರಲಿಲ್ಲ.

ತಿರುವು

ನಾಟಕ ಶಾಲೆಯ ಒಬ್ಬ ಶಿಕ್ಷಕರು ಸಂಕಲನಕಾರನಿಗೆ ಪರಿಚಯ. ಕೆಲಸ ಮಾಡುತ್ತಲೇ ನಟಿಸುವುದು ಹೇಗೆ ಎಂದು ವಿದ್ಯಾರ್ಥಿಗಳಿಗೆ ತೋರಿಸಲು ಏನಾದರೂ ಇದೆಯಾ ಎಂದು ಕೇಳಿದರು. ನಿರ್ದೇಶಕಿಯ ಒಪ್ಪಿಗೆ ಪಡೆದು ಸಂಕಲನಕಾರ ಎರಡನೇ ಟೇಕ್ ಕಳಿಸಿದ. ಕತ್ತರಿಸದೆ, ಸಂಗೀತ ಇಲ್ಲದೆ, ಪೂರ್ತಿ. ಚಿತ್ರದಲ್ಲಿರುವ ಸೀನನ್ನೇ ಯಾಕೆ ಕಳಿಸಲಿಲ್ಲ ಎಂದು ನಾನು ಕೇಳಿದೆ. “ನಟನೆ ತೋರಿಸೋಕೆ ಕೇಳಿದ್ರು ಅಲ್ವಾ, ಅದಕ್ಕೆ ಇದನ್ನೇ ಕಳಿಸಬೇಕು ಅನ್ನಿಸ್ತು” ಅಂದ. ಈ ಉತ್ತರದಲ್ಲೇ ಎಲ್ಲ ಇದೆ. ನಟನೆ ಎಲ್ಲಿದೆ ಅಂತ ಅವನಿಗೆ ಮೊದಲಿಂದಲೂ ಗೊತ್ತಿತ್ತು. ಪರೀಕ್ಷಾ ಪ್ರದರ್ಶನದ ಚೀಟಿಗಳ ಎದುರು ಅದನ್ನು ವಾದಿಸಲು ಅವನ ಹತ್ತಿರ ಪದ ಇರಲಿಲ್ಲ.

ವಿದ್ಯಾರ್ಥಿಗಳು ಆ ಟೇಕನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. ಬ್ಯಾಕ್‌ಸ್ಪೇಸ್ ಬಗ್ಗೆಯೇ ಜಗಳ ಆಡಿದರಂತೆ, ಅದು ಬೇಕೆಂದು ಮಾಡಿದ್ದೋ ತಾನಾಗಿ ಆದದ್ದೋ ಎಂದು. ಆಮೇಲೆ ಕೆಲವರು ಸ್ಟ್ರೀಮಿಂಗ್ ವೇದಿಕೆಯಲ್ಲಿ ಚಿತ್ರ ಹುಡುಕಿ ನೋಡಿದರು. ಸೀನು ಬಂತು. ತಾವು ನೋಡಿದ್ದು ಅಲ್ಲಿ ಇರಲಿಲ್ಲ. ಅವರಲ್ಲೊಬ್ಬಳು ನಿರ್ದೇಶಕಿಗೆ ನೇರವಾಗಿ ಬರೆದು ಕೇಳಿದಳು, ಆ ಶಾಟ್ ಎಲ್ಲಿ ಹೋಯಿತು ಎಂದು.

ನಿರ್ದೇಶಕಿ ಹಳೆಯ ಚೀಟಿಗಳನ್ನು ಮತ್ತೆ ತೆಗೆದು ಕೂತರು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸುವುದು ಈ ಹೆಜ್ಜೆ. ಪ್ರೇಕ್ಷಕರು ತಪ್ಪು ಎಂದು ಅವರು ಹೇಳಲಿಲ್ಲ. ನಿಧಾನ ಅನ್ನಿಸಿದ್ದು ನಿಜ ಇರಬೇಕು, ಆದರೆ ಎಲ್ಲಿ ನಿಧಾನ ಎಂದು ಹುಡುಕಿದರು. 112 ನಿಮಿಷದ ಕಟ್ಟನ್ನು ಮೊದಲಿಂದ ನೋಡಿದಾಗ ಗೊತ್ತಾಯಿತು. ಸಾಕ್ಷಿಯ ಸೀನಿಗೆ ಮೊದಲು ಮೂರು ಸೀನುಗಳಲ್ಲಿ ವಕೀಲರು ಕೇಸಿನ ವಿವರಗಳನ್ನೇ ಸುತ್ತಿ ಸುತ್ತಿ ಹೇಳುತ್ತಿದ್ದರು. ಜನ ಅಲ್ಲಿಯೇ ದಣಿದಿದ್ದರು. ದಣಿದ ಮೇಲೆ ಆರು ನಿಮಿಷದ ಶಾಟ್ ಬಂದರೆ ಯಾರಿಗೆ ತಾನೇ ತಾಳ್ಮೆ ಇರುತ್ತೆ? ನೋವು ಕಾಣಿಸಿದ್ದು ಒಂದು ಕಡೆ, ಕಾರಣ ಇದ್ದದ್ದು ಇನ್ನೊಂದು ಕಡೆ. ‘ಅವಳಿಗೆ ಏನನ್ನಿಸುತ್ತಿದೆ ಗೊತ್ತಾಗಲ್ಲ’ ಅನ್ನುವ ದೂರಿಗೂ ಕಾರಣ ಹಿಂದೆಯೇ ಇತ್ತು. ತಮ್ಮನ ಮೇಲೆ ಅವಳಿಗೆ ಅನುಮಾನ ಇದೆ ಅನ್ನೋದನ್ನು ಹೇಳುವ ಅಡುಗೆಮನೆಯ ಪುಟ್ಟ ಸೀನು ಶೂಟ್ ಆಗಿತ್ತು. ಮೊದಲ ಕಟ್ಟಿನಲ್ಲೇ ಅದು ಹೋಗಿತ್ತು. ಅನುಮಾನ ಇದೆ ಎಂದು ಗೊತ್ತಿಲ್ಲದವರಿಗೆ ಬಚ್ಚಿಡುವುದು ಹೇಗೆ ಕಾಣಬೇಕು?

ಮರಳಿ ಕಟ್ಟಿದ್ದು

ಹೊಸ ಕಟ್ 101 ನಿಮಿಷಕ್ಕೆ ಬಂತು. ವಕೀಲರ ಮೂರು ಸೀನು ಒಂದಾಯಿತು. ಅಡುಗೆಮನೆಯ ಸೀನು ವಾಪಸ್ ಬಂತು. ಎರಡನೇ ಟೇಕ್ ಪೂರ್ತಿ ಬಂತು. ಬಿಡುಗಡೆಯಾದ ಆವೃತ್ತಿಗಿಂತ ಏಳು ನಿಮಿಷ ಜಾಸ್ತಿ. ನೋಡುವಾಗ ಅದಕ್ಕಿಂತ ಚಿಕ್ಕದು ಅನ್ನಿಸುತ್ತೆ.

ಇದು ಸಾಧ್ಯವಾಗಿದ್ದು ಶಬ್ದ ವಿನ್ಯಾಸಕಿಯಿಂದ. ಮಾತು, ಸಂಗೀತ, ಉಳಿದ ಸದ್ದು, ಮೂರನ್ನೂ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಎತ್ತಿಟ್ಟಿದ್ದರು. ಕೀಬೋರ್ಡಿಗೆ ಶೂಟಿಂಗಿನಲ್ಲೇ ಪ್ರತ್ಯೇಕ ಮೈಕ್ ಇಟ್ಟಿದ್ದರು. ಹಾಗಾಗಿ ಸಂಗೀತ ತೆಗೆದರೆ ಮಾತೂ ಹಾಳಾಗುತ್ತೆ ಅನ್ನುವ ಭಯ ಇರಲಿಲ್ಲ. ಸಂಕಲನಕಾರನೂ ಎಲ್ಲ ಟೇಕ್‌ಗಳನ್ನು ಉಳಿಸಿದ್ದ. ಸಣ್ಣ ಚಿತ್ರಗಳಲ್ಲಿ ಹಾರ್ಡ್ ಡಿಸ್ಕ್ ಖರ್ಚು ಉಳಿಸಲು ಬೇಡದ ಟೇಕ್ ಅಳಿಸಿಬಿಡುವುದು ನಡೆಯುತ್ತಲೇ ಇರುತ್ತೆ. ಅಂಥವರಿಗೆ 1928ರ ಒಂದು ಘಟನೆ ಹೇಳಬೇಕು. ಡೆನ್ಮಾರ್ಕಿನ ನಿರ್ದೇಶಕ ಡ್ರೈಯರ್ ಅವರ ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ ಚಿತ್ರದ ಮೂಲ ನೆಗೆಟಿವ್ ಆ ವರ್ಷ ಬೆಂಕಿಗೆ ಹೋಯಿತು. ಬಳಸದೆ ಬಿಟ್ಟಿದ್ದ ಟೇಕ್‌ಗಳಿಂದಲೇ ಡ್ರೈಯರ್ ಎರಡನೇ ಆವೃತ್ತಿ ಕಟ್ಟಿದರು. ಮೂಲ ಕಟ್ಟಿನ ಪ್ರತಿ ಸಿಕ್ಕಿದ್ದು 1981ರಲ್ಲಿ, ಓಸ್ಲೋ ಹತ್ತಿರದ ಒಂದು ಮಾನಸಿಕ ಆಸ್ಪತ್ರೆಯಲ್ಲಿ. ಇವತ್ತಿಗೂ ಜನ ಮಾತಾಡುವ ನಾಯಕಿ ಫಾಲ್ಕೊನೆಟ್ಟಿಯ ಆ ಮುಖವನ್ನು ನಾವು ನೋಡುತ್ತಿರುವುದು ಯಾರೋ ಎಲ್ಲೋ ಎಸೆಯದೆ ಇಟ್ಟಿದ್ದರಿಂದ.

ಹೊಸ ಕಟ್ ಕಟ್ಟಿದಷ್ಟು ಸಲೀಸಾಗಿ ಅದನ್ನು ತೋರಿಸಲು ಆಗಲಿಲ್ಲ. ಏಜೆಂಟರ ಜೊತೆಗಿನ ಒಪ್ಪಂದದಲ್ಲಿ ‘ಅಂತಿಮ ಆವೃತ್ತಿ’ ಅಂದರೆ 94 ನಿಮಿಷದ್ದು ಎಂದು ಬರೆದಿತ್ತು. ಸ್ಟ್ರೀಮಿಂಗ್ ವೇದಿಕೆ ಫೈಲ್ ಬದಲಿಸಲು ಒಪ್ಪಲಿಲ್ಲ. ಬದಲಿಸಿದರೆ ತಾಂತ್ರಿಕ ಪರೀಕ್ಷೆ ಮತ್ತೆ, ಸಬ್‌ಟೈಟಲ್ ಮತ್ತೆ, ಅಷ್ಟು ಖರ್ಚಿಗೆ ಆ ಚಿತ್ರದ ವೀಕ್ಷಣೆ ಸಾಲದು ಅಂದರು. ನಿರ್ಮಾಪಕರು ಮಾತಾಡಿ ಒಂದು ಅನುಮತಿ ಮಾತ್ರ ತಂದರು. ಶಾಲೆ, ಕಾಲೇಜು, ಚಿತ್ರ ಸಮಾಜ, ನಾಟಕ ತಂಡ, ಇಂಥ ಕಡೆ ಲಾಭ ಇಲ್ಲದೆ 101 ನಿಮಿಷದ ಆವೃತ್ತಿ ತೋರಿಸಬಹುದು.

ಅದನ್ನೇ ಹಿಡಿದುಕೊಂಡರು. ಪೋಸ್ಟರ್ ಬದಲಾಯಿತು. ನಟಿಯ ಮುಖ, ಕೀಬೋರ್ಡಿನ ಮೇಲೆ ಕೈ, ಅಷ್ಟೇ. ಟ್ರೇಲರ್ ಬದಲು ಆ ಟೇಕ್‌ನ ಒಂದೂವರೆ ನಿಮಿಷವನ್ನು ಕತ್ತರಿಸದೆ ಹಾಕಿದರು, ಹೆಸರು ಹೇಳುವ ಕ್ಷಣಕ್ಕೆ ಸ್ವಲ್ಪ ಮೊದಲು ನಿಲ್ಲುವ ಹಾಗೆ. ಮೊದಲು ಕರೆದದ್ದು ವಿಮರ್ಶಕರನ್ನಲ್ಲ, ನಟರನ್ನು.

ನಟರನ್ನು ಕರೆದದ್ದು ಸರಿಯಾದ ತೀರ್ಮಾನ. ನಟನೆಯನ್ನು ನಟರು ಬೇಗ ಗುರುತಿಸುತ್ತಾರೆ, ಗುರುತಿಸಿದರೆ ಸುಮ್ಮನಿರುವುದಿಲ್ಲ. ‘ಟು ಲೆಸ್ಲಿ’ ಎಂಬ ಸಣ್ಣ ಅಮೆರಿಕನ್ ಚಿತ್ರ 2022ರ ಅಕ್ಟೋಬರಿನಲ್ಲಿ ಬಿಡುಗಡೆಯಾಗಿ ಅಲ್ಲಿನ ಚಿತ್ರಮಂದಿರಗಳಲ್ಲಿ ಗಳಿಸಿದ್ದು ಸುಮಾರು 27,000 ಡಾಲರ್. ಆದರೆ ಅದರ ನಾಯಕಿ ಆಂಡ್ರಿಯಾ ರೈಸ್‌ಬರೋ ಅವರ ಕೆಲಸವನ್ನು ಬೇರೆ ನಟ ನಟಿಯರು ಒಬ್ಬರಿಂದ ಒಬ್ಬರಿಗೆ ಹೇಳಿದರು, ಪ್ರದರ್ಶನ ಇಟ್ಟರು. 2023ರ ಜನವರಿಯಲ್ಲಿ ಅವರಿಗೆ ಆಸ್ಕರ್ ನಾಮನಿರ್ದೇಶನ ಬಂತು. ಪ್ರಚಾರದ ರೀತಿಯ ಬಗ್ಗೆ ತಕರಾರು ಎದ್ದು, ಆಸ್ಕರ್ ಕೊಡುವ ಅಕಾಡೆಮಿ ಪರಿಶೀಲಿಸಿ, ನಾಮನಿರ್ದೇಶನವನ್ನು ಉಳಿಸಿತು. ಅದಕ್ಕೂ ಎಷ್ಟೋ ಮೊದಲು, 1974ರಲ್ಲಿ, ಅಮೆರಿಕದ ನಿರ್ದೇಶಕ ಜಾನ್ ಕಸವೆಟಿಸ್ ‘ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್’ ಚಿತ್ರವನ್ನು ಯಾವ ವಿತರಕರೂ ಮುಟ್ಟದಿದ್ದಾಗ ತಾವೇ ಚಿತ್ರಮಂದಿರಗಳನ್ನು ಗೊತ್ತು ಮಾಡಿದರು, ಕಾಲೇಜುಗಳಲ್ಲೂ ತೋರಿಸಿದರು. ಅದರ ನಾಯಕಿ ಜೀನಾ ರೋಲಂಡ್ಸ್ ಆಸ್ಕರ್ ನಾಮನಿರ್ದೇಶನದವರೆಗೆ ಹೋದರು. ಎರಡೂ ಕಡೆ ಜನರ ಮುಂದಿಟ್ಟಿದ್ದು ಆ ಹೆಣ್ಣಿನ ಕೆಲಸವನ್ನೇ.

ಆದದ್ದೇನು

ನಮ್ಮ ಚಿತ್ರಕ್ಕೆ ಅಂಥದ್ದು ಆಗಲಿಲ್ಲ. ಹೆಚ್ಚಿನ ಪ್ರಶಸ್ತಿಗಳು ಮೊದಲ ಬಿಡುಗಡೆಯ ವರ್ಷವನ್ನೇ ನೋಡುತ್ತವೆ, ಆ ವರ್ಷ ದಾಟಿತ್ತು. ಹಾಕಿದ ದುಡ್ಡು ವಾಪಸ್ ಬಂದಿಲ್ಲ. ಆದರೆ ಹೊಸ ಆವೃತ್ತಿಯ ಪ್ರದರ್ಶನಗಳಿಗೆ ಕರೆ ಬರುತ್ತಲೇ ಇದೆ, ಒಂದು ತಂಡ ನೋಡಿ ಇನ್ನೊಂದಕ್ಕೆ ಹೇಳಿ. ನಾನು ಕೂತಿದ್ದ ಒಂದು ಪ್ರದರ್ಶನದಲ್ಲಿ ಚರ್ಚೆ ಚಿತ್ರಕ್ಕಿಂತ ಉದ್ದ ನಡೆಯಿತು. ಕಾರ್ಖಾನೆಯ ಬಗ್ಗೆಯೂ ಜನ ಮಾತಾಡಿದರು. 94 ನಿಮಿಷದ ಆವೃತ್ತಿ ಹಾತೊರೆದು ಹೇಳಿದ್ದ ವಿಷಯವೂ ಅದೇ. ಈ ಸಲ ಅದು ಬಂದಿದ್ದು ಆ ಹೆಂಗಸಿನ ಮೂಲಕ. ಬೀಗ ಹಾಕಿದವನು ರಾಕ್ಷಸನಲ್ಲ, ಯಾರದೋ ತಮ್ಮ ಎಂದು ಗೊತ್ತಾದ ಮೇಲೆ ಪ್ರಶ್ನೆಗಳು ಜಾಸ್ತಿ ಕಷ್ಟವಾದವು.

ನಟಿಗೆ ಆಮೇಲೆ ಎರಡು ಮುಖ್ಯ ಪಾತ್ರಗಳು ಬಂದವು. ಒಂದನ್ನು ಒಪ್ಪಿದರು. ಇನ್ನೊಂದರಲ್ಲಿ ನಿರ್ದೇಶಕ “ಆ ಕೋರ್ಟ್ ಸೀನ್ ಥರಾನೇ ಬೇಕು ಮೇಡಂ” ಅಂದರಂತೆ. ಅದಕ್ಕೆ ಬೇಡ ಅಂದರು. ಅದು ಆ ಹೆಂಗಸಿನ ಕೆಲಸದಿಂದ ಬಂದದ್ದು, ಇನ್ನೊಬ್ಬಳಿಗೆ ಹಾಗೆಯೇ ತೊಡಿಸಲು ಬರಲ್ಲ ಅನ್ನೋದು ಅವರ ಮಾತು. ಈಗ ಒಪ್ಪಿರುವ ಪಾತ್ರಕ್ಕಾಗಿ ನೇಯ್ಗೆ ಕಲಿಯುತ್ತಿದ್ದಾರೆ.

ನಿರ್ದೇಶಕಿ ತಮ್ಮ ಮುಂದಿನ ಚಿತ್ರದ ಒಪ್ಪಂದದಲ್ಲಿ ಎರಡು ಷರತ್ತು ಹಾಕಿಸಿದ್ದಾರೆ. ‘ಅಂತಿಮ ಆವೃತ್ತಿ’ ಯಾವುದು ಎಂದು ಮೊದಲ ಪ್ರದರ್ಶನ ಮುಗಿಯುವವರೆಗೆ ಬರೆಯಬಾರದು. ಪೋಸ್ಟರ್ ಮತ್ತು ಟ್ರೇಲರ್ ಅವರ ಒಪ್ಪಿಗೆ ಇಲ್ಲದೆ ಹೋಗಬಾರದು. ಹೊಸ ನಿರ್ದೇಶಕರಿಗೆ ಇಂಥ ಷರತ್ತು ಸುಲಭವಾಗಿ ಸಿಗುವುದಿಲ್ಲ. ಕೇಳಿದರೆ ತಾನೇ ಗೊತ್ತಾಗೋದು. ಪರೀಕ್ಷಾ ಪ್ರದರ್ಶನದ ಚೀಟಿಯನ್ನೂ ಬದಲಿಸಿದ್ದಾರೆ. ‘ಇಷ್ಟವಾಯಿತೇ’ ಅನ್ನುವ ಪ್ರಶ್ನೆಯ ಬದಲು ‘ಯಾವ ಸೀನಿನಲ್ಲಿ ಮೊದಲ ಸಲ ನಿಮ್ಮ ಗಮನ ಬೇರೆ ಕಡೆ ಹೋಯಿತು’ ಎಂದು ಕೇಳುತ್ತಾರೆ.

ನಿರ್ಮಾಪಕರು ಈಗಲೂ ಪೂರ್ತಿ ಒಪ್ಪಿಲ್ಲ. ಒಳ್ಳೆಯ ಶುಕ್ರವಾರ, ಸಂಜೆಯ ಆಟ ಸಿಕ್ಕಿದ್ದರೆ 94 ನಿಮಿಷದ್ದೂ ಓಡುತ್ತಿತ್ತು ಅನ್ನುತ್ತಾರೆ. ಇರಬಹುದು. ಟಿಕೆಟ್ ಇನ್ನಷ್ಟು ಹೋಗುತ್ತಿತ್ತೇನೋ, ಆದರೆ ನಟನೆ ಆಗಲೂ ಕಾಣುತ್ತಿರಲಿಲ್ಲ. ಆ ಆವೃತ್ತಿಯಲ್ಲಿ ಅದು ಇರಲೇ ಇಲ್ಲ. ಸ್ಟ್ರೀಮಿಂಗ್ ಒಪ್ಪಂದ ಮುಗಿದ ಮೇಲೆ ಯಾವ ಆವೃತ್ತಿ ಹೊರಗೆ ಬರಬೇಕು ಅನ್ನುವ ಮಾತು ಅವರಿಬ್ಬರ ನಡುವೆ ಇನ್ನೂ ನಡೆಯುತ್ತಿದೆ. ಎರಡನ್ನೂ ಇಡೋಣ, ನೋಡುವವರು ಆರಿಸಿಕೊಳ್ಳಲಿ ಅನ್ನೋದು ನಿರ್ಮಾಪಕರ ಸಲಹೆ. 101 ನಿಮಿಷದ್ದು ಒಂದೇ ಇರಲಿ ಅನ್ನೋದು ನಿರ್ದೇಶಕಿಯ ಹಟ. ನಾನು ನಿರ್ದೇಶಕಿಯ ಕಡೆ. ಹೆಸರು ಕೇಳಿ ಹುಡುಕಿ ಬರುವವರು ಚಿಕ್ಕದನ್ನೇ ಮೊದಲು ಒತ್ತುತ್ತಾರೆ, ಅದನ್ನು ನೋಡಿದ ಮೇಲೆ ಉದ್ದದ್ದನ್ನು ನೋಡುವ ಕಾರಣ ಅವರಿಗೆ ಉಳಿಯುವುದಿಲ್ಲ.